ಮೊಬೈಲಿಗಿಂತ ಚಿಕ್ಕ ಇನ್ವರ್ಟರ್

ಮಗಳು ಪಿಯುಸಿ ಸೈನ್ಸ್‌ಗೆ ಸೇರಿದ ಮೇಲೆ ಕರೆಂಟ್ ಹೋದರೆ ನನಗೆ ಭಯ. ವೈಫೈ ಇಲ್ಲದ ಮಗಳು ಸುಮ್ನೆ ಕೂರುವುದಿಲ್ಲ, ಪ್ರಶ್ನೆ ಕೇಳುತ್ತಾಳೆ.

ಮೊನ್ನೆ ಮಳೆ ಬಂತು, ಕರೆಂಟ್ ಹೋಯಿತು, ಇನ್ವರ್ಟರ್ ಗುಂಯ್ ಎಂದಿತು.

"ಅಪ್ಪಾ, ನಮ್ಮ ಬ್ಯಾಟರಿ 150 ಆಂಪಿಯರ್ ಅವರ್ ಅಲ್ವಾ? ಅದು ಎಷ್ಟು ಕೂಲಂಬ್?"

ಮರೆತುಹೋಗಿದೆ ಅನ್ನಬಹುದಿತ್ತು. ಆದರೆ ಹೆಂಡತಿ ಅಲ್ಲೇ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದಳು. "ಅದೇನು ಮಹಾ" ಎಂದು ಶುರು ಮಾಡಿದೆ.

"ನಲ್ಲಿಯಿಂದ ಸೆಕೆಂಡಿಗೆ ಒಂದು ಲೋಟ ನೀರು ಬರ್ತಿದೆ ಅಂದ್ಕೋ. ನೀರು ಅಂದ್ರೆ ವಿದ್ಯುತ್, ಆ ಒಂದು ಲೋಟವೇ ಒಂದು ಕೂಲಂಬ್. ಆ ರಭಸವೇ ಒಂದು ಆಂಪಿಯರ್. ಹಾಗೇ ಒಂದು ಗಂಟೆ ಬಿಟ್ಟರೆ ಎಷ್ಟು ನೀರು ತುಂಬುತ್ತೋ ಅದು ಒಂದು ಆಂಪಿಯರ್ ಅವರ್."

ಇಷ್ಟಕ್ಕೇ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಗಂಟೆಗೆ 60 ಎಂದುಕೊಂಡು ಗುಣಿಸಿಬಿಟ್ಟೆ. "9,000 ಕೂಲಂಬ್!"

ಮಗಳು ಮೊಬೈಲ್ ತಿರುಗಿಸಿ ನೋಡಿದಳು. "ಇದು 5,000 ಮಿಲಿ ಆಂಪಿಯರ್ ಅವರ್. ಒಂದಕ್ಕೆ 3.6 ಕೂಲಂಬ್. ಅಂದ್ರೆ 18,000. ಅಪ್ಪಾ, ನನ್ನ ಮೊಬೈಲ್ ಎರಡು ಇನ್ವರ್ಟರ್‌ಗೆ ಸಮಾನಾನಾ?"

ಹೆಂಡತಿಯ ಕೈ ನಿಂತಿತು. "ಅಷ್ಟು ದುಡ್ಡು ಕೊಟ್ಟು ತಂದಿದ್ದು! ಅಂಗಡಿಯವನು ಟೋಪಿ ಹಾಕಿದ್ನಾ?"

ನನಗೂ ಹಾಗೇ ಅನಿಸಿತು. ತಕ್ಷಣ ಅಂಗಡಿಗೆ ಫೋನ್ ಮಾಡಿದೆ. "ನಿಮ್ಮ ಬ್ಯಾಟರಿಯಲ್ಲಿ ಕೂಲಂಬ್ ಬಹಳ ಕಮ್ಮಿ ಇದೆ ಕಣ್ರೀ." ಆ ಕಡೆ ಸ್ವಲ್ಪ ಹೊತ್ತು ಮೌನ. "ಸಾರ್, ಡಿಸ್ಟಿಲ್ಡ್ ವಾಟರ್ ಹಾಕಿದ್ರಾ?"

ಮೂಲೆಯಲ್ಲಿ ಕೂತಿದ್ದ ಅಮ್ಮ ಬಾಯಿಬಿಟ್ಟಳು. ಇವತ್ತಿಗೂ ಅಕ್ಕಿಯನ್ನು ಸೇರು, ಪಾವಿನಲ್ಲೇ ಅಳೆಯುವವಳು. "ಲೋಟ ಬೀಳೋದು ಸೆಕೆಂಡಿಗೆ ಅಂದೆ. ಗುಣಿಸಿದ್ದು ನಿಮಿಷಕ್ಕೆ. ಗಂಟೆಗೆ 3,600 ಸೆಕೆಂಡ್ ಅಲ್ವೇನೋ?"

5,40,000 ಕೂಲಂಬ್. ಸೊನ್ನೆಗಳನ್ನು ಎರಡೆರಡು ಸಲ ಎಣಿಸಿದೆ.

ಹೋದ ಮಾನ ತರಲು ಮಿಂಚನ್ನು ಎಳೆದು ತಂದೆ. "ಗೊತ್ತಾ, ಒಂದು ಸಾಧಾರಣ ಮಿಂಚಿನಲ್ಲಿ ಇಳಿಯೋದು ಸುಮಾರು 15 ಕೂಲಂಬ್ ಅಷ್ಟೇ."

"ಹಾಗಾದ್ರೆ ಮಿಂಚಿಗೆ ಯಾಕೆ ಹೆದರಬೇಕು? ಈ ಮೊಬೈಲಿಗೇ ಹೆದರಬೇಕು" ಎಂದಳು ಹೆಂಡತಿ. ಬೇರೆ ಅರ್ಥದಲ್ಲಿ ಅದೂ ನಿಜವೇ.

"ಲೋಟ ಎಷ್ಟು ಅನ್ನೋದು ಬೇರೆ, ಎಷ್ಟು ಎತ್ತರದಿಂದ ಬೀಳುತ್ತೆ ಅನ್ನೋದು ಬೇರೆ. ಆ ಎತ್ತರವೇ ವೋಲ್ಟ್. ಮೊಬೈಲ್ ಬ್ಯಾಟರಿಯದು ನಾಲ್ಕು ವೋಲ್ಟಿನ ಆಸುಪಾಸು, ಅಡುಗೆಮನೆ ಕಟ್ಟೆಯಿಂದ ಚೆಲ್ಲಿದ ಹಾಗೆ. ಮಿಂಚಿನದು ಕೋಟಿಗಟ್ಟಲೆ, ಜೋಗ್ ಫಾಲ್ಸ್ ಕೂಡ ಸಾಲದು." ಮಗಳು ತಲೆಯಾಡಿಸಿದಳು. ಅಷ್ಟರಲ್ಲಿ ಕರೆಂಟ್ ಬಂತು, ವೈಫೈ ಬಂತು, ನನ್ನ ಪಾಠ ಅಲ್ಲಿಗೇ ಮುಗಿಯಿತು.

ಬೆಳಿಗ್ಗೆ ಏಳಕ್ಕೇ ಬೆಲ್. ಬಾಗಿಲಲ್ಲಿ ಅಂಗಡಿಯ ಹುಡುಗ, ಕೈಯಲ್ಲಿ ದೊಡ್ಡ ಕ್ಯಾನು.

"ಸಾರ್, ಕೂಲೆಂಟ್ ಕಮ್ಮಿ ಇದೆ ಅಂತ ರಾತ್ರಿ ಫೋನ್ ಮಾಡಿದ್ರಂತೆ. ಎಲ್ಲಿದೆ ಕಾರು?"