ಆಕಾಶದ ಪಾಠಕ್ಕೆ ಊರು ಚಂದಾ ಎತ್ತಬೇಕೆ?

ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯದಲ್ಲಿ ಸುತ್ತಲ ಶಾಲೆಗಳ ಮಕ್ಕಳಿಗೆ ಖಗೋಳದ ಪಾಠ ನಡೆಯಬೇಕಾದರೆ, ಆ ಖರ್ಚಿಗೆ ಊರುಗಳೂ ಹೆಗಲು ಕೊಡಬೇಕೆ?

ಪರ

ಆ ಬಯಲಿನ ಕಂಬ, ತಂತಿಗಳನ್ನು ದೂರದಿಂದ ನೋಡಿದ ಮಗುವಿಗೆ ಅದು ಕರೆಂಟಿನವರದೋ ಫೋನಿನವರದೋ ಅನ್ನಿಸಿದರೆ ತಪ್ಪಲ್ಲ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಿಂದ ನಡೆಸಿಕೊಂಡು ಬಂದ ವೀಕ್ಷಣಾಲಯ ಅದು. ಆಕಾಶದಿಂದ ಬರುವ ರೇಡಿಯೊ ಅಲೆ ಹಿಡಿಯುವ ಆಂಟೆನಾಗಳಾದ ಸಾವಿರ ಡೈಪೋಲ್‌ಗಳನ್ನು ಟಿ ಆಕಾರದಲ್ಲಿ ಹೂಡಿ, 34.5 ಮೆಗಾಹರ್ಟ್ಸ್ ಆವರ್ತನದ ಅಲೆಯಲ್ಲಿ ಆಕಾಶದ ನಕ್ಷೆ ತೆಗೆದದ್ದು ಅಲ್ಲೇ. ಅದನ್ನು ಮಕ್ಕಳಿಗೆ ಬಿಡಿಸಿ ಹೇಳಲು ಒಬ್ಬರು ಬೇಕು, ಒಂದು ಕೊಠಡಿ ಬೇಕು, ಬಸ್ಸು ಬೇಕು.

ನನಗೆ ಎಲ್ಲಕ್ಕಿಂತ ತೂಕದ್ದಾಗಿ ಕಾಣುವುದು ಹೊತ್ತಿನ ಮಾತು. ದೂರದರ್ಶಕದಲ್ಲಿ ನಕ್ಷತ್ರ ತೋರಿಸಲು ಕತ್ತಲಾಗಬೇಕು, ಮೋಡ ಸರಿಯಬೇಕು, ಹೆಣ್ಣುಮಕ್ಕಳನ್ನು ರಾತ್ರಿ ಕಳಿಸಲು ಮನೆಯವರು ಒಪ್ಪಬೇಕು. ಇಲ್ಲಿ 1997ರಿಂದ ರೇಡಿಯೊಹೀಲಿಯೊಗ್ರಾಫ್, ಅಂದರೆ ರೇಡಿಯೊ ಅಲೆಯಿಂದ ಸೂರ್ಯನ ಚಿತ್ರ ತೆಗೆಯುವ ಉಪಕರಣ, ಚಿತ್ರಿಸುತ್ತಿರುವುದು ಸೂರ್ಯನ ಹೊರ ಆವರಣವಾದ ಕರೋನಾವನ್ನು, ಅದೂ ಹಗಲಲ್ಲಿ. ಮೋಡವಿದ್ದರೂ ರೇಡಿಯೊ ಅಲೆ ದಾಟಿ ಬರುತ್ತದೆ. ಬೆಳಗಿನ ಪ್ರಾರ್ಥನೆ ಮುಗಿಸಿ ಹೊರಟ ಏಳನೇ ತರಗತಿ ಮಕ್ಕಳು ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬಹುದು. ಊರಹಬ್ಬಕ್ಕೆ ಮನೆಗಿಷ್ಟು ಎಂದು ಎತ್ತಿ ಗೊತ್ತಿರುವವರಿಗೆ ಬಸ್ಸಿನ ಬಾಡಿಗೆ ಹೊಂದಿಸುವುದು ಹೊಸ ವಿದ್ಯೆಯೇನಲ್ಲ.

ವಿಜ್ಞಾನವನ್ನು ಜನರ ನಡುವೆ ಮಾತಾಡಬೇಕೆಂದು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದ ಎಚ್. ನರಸಿಂಹಯ್ಯನವರು ಇದೇ ತಾಲ್ಲೂಕಿನ ಹೊಸೂರಿನವರು. ಅವರ ನೆಲದಲ್ಲಿ ಈ ಕೆಲಸ ಇನ್ನೊಬ್ಬರು ಬಂದು ಮಾಡಲಿ ಎಂದು ಕಾಯಬಾರದು.

ವಿರೋಧ

ಚಂದಾ ಎಂದರೆ ಯಾರ ದುಡ್ಡು? ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್ಲಿನಲ್ಲಿ ನೀರು ಸಿಗದೆ, ಡೇರಿಯ ಹಾಲಿನ ಬಿಲ್ಲನ್ನೇ ನೆಚ್ಚಿಕೊಂಡ ಮನೆಗಳು ನಮ್ಮ ಜಿಲ್ಲೆಯಲ್ಲಿವೆ. ಊರೆಲ್ಲ ಕೊಡುವಾಗ ಆ ಮನೆಯವರು ಇಲ್ಲ ಅನ್ನಲಾರರು. ಸಾಲ ತಂದಾದರೂ ಕೊಡುತ್ತಾರೆ. ಪಾಠ ಹೇಳಿಸುವುದು ಸರ್ಕಾರದ ಹೊಣೆ. ಒಮ್ಮೆ ಊರು ಆ ಖರ್ಚು ಹೊತ್ತರೆ ಅದು ಊರಿನ ತಲೆಗೇ ಉಳಿಯುತ್ತದೆ.

ಇನ್ನೊಂದಿದೆ. ಆಕಾಶದಿಂದ ಬರುವ ರೇಡಿಯೊ ಅಲೆ ತೀರಾ ಕ್ಷೀಣ. ಬೈಕಿನ ಸ್ಪಾರ್ಕ್ ಪ್ಲಗ್, ಕಿಡಿ ಹಾರುವ ಕರೆಂಟ್ ತಂತಿ ಎಬ್ಬಿಸುವ ರೇಡಿಯೊ ಗದ್ದಲದಲ್ಲೇ ಅದು ಮುಳುಗಿಬಿಡಬಹುದು. ಅಂಥ ಕಡೆಗೆ ವಾರವಾರವೂ ಬಸ್ಸು, ಬೈಕು, ಜೇಬಿನಲ್ಲಿ ಫೋನು ಹೊತ್ತ ದೊಡ್ಡವರು ಬಂದಿಳಿದರೆ ಅಳೆಯುವ ಕೆಲಸವೇ ಕೆಡುತ್ತದೆ. ವೀಕ್ಷಣಾಲಯಕ್ಕೆ ನೆರೆಯೂರಿನವರು ಕೊಡಬೇಕಾದದ್ದು ಆ ನಿಶ್ಶಬ್ದವನ್ನು. ಅದಕ್ಕೆ ಕಾಸು ಬೇಡ. ಬೇಲಿ ಪಕ್ಕದ ತಂತಿ ಕಿಡಿ ಕಾರಿದರೆ ಲೈನ್‌ಮನ್‌ಗೆ ಹೇಳಿ ಸರಿಮಾಡಿಸಿದರೆ ಅದೂ ಬೆಂಬಲವೇ.

ಮಕ್ಕಳಿಗೆ ಆಕಾಶ ಬೇಕಾದರೆ ಶಾಲೆಯ ಅಂಗಳವೇ ಸಾಕು. ನಮ್ಮ ಅಕ್ಷಾಂಶದಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ ಆಗಸ್ಟ್ ನಡುವಿನಲ್ಲೊಮ್ಮೆ, ಸೂರ್ಯ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ. ಏಪ್ರಿಲ್‌ನಲ್ಲಿ ರಜೆ, ಆಗಸ್ಟ್‌ನಲ್ಲಿ ಶಾಲೆ ಇರುತ್ತದೆ. ಅಂದು ಹನ್ನೆರಡೂವರೆಗೆ ಸ್ವಲ್ಪ ಮೊದಲೇ ಮಕ್ಕಳು ಒಂದು ನೇರ ಕೋಲು ನೆಟ್ಟು ಸುತ್ತ ಕೂರಲಿ. ನೆರಳು ಕೋಲಿನ ಬುಡ ಸೇರಿ ಮಾಯವಾದ ಗಳಿಗೆಯನ್ನು ಅವರೇ ಗಡಿಯಾರ ನೋಡಿ ಬರೆದುಕೊಳ್ಳಲಿ.