ಹೋಬಳಿ ಊರಿಗೆ ಯಜಮಾನರು ಯಾರು?

ನಮ್ಮ ರಾಜ್ಯದಲ್ಲಿ ಏಳುನೂರಕ್ಕೂ ಹೆಚ್ಚು ಹೋಬಳಿಗಳಿವೆ. ಹಳ್ಳಿಯವರ ಓಡಾಟ ಬಹುಪಾಲು ನಡೆಯುವುದು ಹೋಬಳಿಯ ಕೇಂದ್ರ ಊರಲ್ಲೇ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ ಬೇಕು ಅಂದರೆ ನಾಡಕಚೇರಿ. ಬಿತ್ತನೆ ಬೀಜಕ್ಕೆ ರೈತ ಸಂಪರ್ಕ ಕೇಂದ್ರ. ಬ್ಯಾಂಕು, ಹೈಸ್ಕೂಲು, ಪಶು ಆಸ್ಪತ್ರೆ, ಗೊಬ್ಬರದ ಅಂಗಡಿ, ವಾರದ ಸಂತೆ, ಎಲ್ಲಾ ಆ ಒಂದೇ ಊರಲ್ಲಿ. ಸುತ್ತಲಿನ ಹಳ್ಳಿಗಳವರು "ಪೇಟೆಗೆ ಹೋಗಿ ಬರ್ತೀನಿ" ಅಂದರೆ ಈ ಊರಿಗೇ ಹೊರಟಿದ್ದಾರೆ ಅಂತ ಲೆಕ್ಕ.

ಇಷ್ಟೆಲ್ಲಾ ಇದ್ದರೂ ಹೋಬಳಿಗೆ ಅಂತ ಜನ ಆರಿಸಿದ ಒಂದು ಸಭೆ ಇಲ್ಲ. ಉಪತಹಶೀಲ್ದಾರರು ಇದ್ದಾರೆ, ಕಂದಾಯ ನಿರೀಕ್ಷಕರು (ಆರ್‌ಐ) ಇದ್ದಾರೆ, ಕೃಷಿ ಅಧಿಕಾರಿ ಇದ್ದಾರೆ. ಇವರ್ಯಾರೂ ನಮ್ಮ ಓಟಿನಿಂದ ಬಂದವರಲ್ಲ. ನಾವು ಓಟು ಹಾಕುವುದು ಕೆಳಗೆ ಗ್ರಾಮ ಪಂಚಾಯಿತಿಗೆ, ಮೇಲೆ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗೆ. ಆ ಮೇಲಿನ ಎರಡರ ಕಥೆ ಎಲ್ಲರಿಗೂ ಗೊತ್ತು. 2016ರಲ್ಲಿ ಆರಿಸಿ ಬಂದವರ ಅವಧಿ 2021ಕ್ಕೆ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಜನ ದಿನಾ ಓಡಾಡುವ ಊರಿನ ಬಗ್ಗೆ ಆ ಜನರೆಲ್ಲಾ ಸೇರಿ ಮಾತಾಡುವ ಜಾಗವೇ ಇಲ್ಲ ಎಂಬುದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಸಂತೆಯನ್ನೇ ನೋಡಿ. ನಾನು ಬಲ್ಲ ಒಂದು ಊರಲ್ಲಿ ಸಂತೆ ದಿನ ಬೆಳಕು ಹರಿಯುವ ಮೊದಲೇ ಹಳ್ಳಿಗಳಿಂದ ಹೆಂಗಸರು ಬಂದು ಇಳಿಯುತ್ತಾರೆ. ಸೊಪ್ಪಿನ ಗಂಟು, ಹಸಿಮೆಣಸಿನಕಾಯಿ ಚೀಲ, ಕೆಲವರ ಕೈಯಲ್ಲಿ ಕಾಲು ಕಟ್ಟಿದ ನಾಟಿಕೋಳಿ. ರಸ್ತೆ ಬದಿ ಟಾರ್ಪಾಲು ಹಾಸಿ ಕೂತರೆ ಏಳುವುದು ಕತ್ತಲಾದ ಮೇಲೆ. ಸಂತೆ ಹರಾಜು ಹಿಡಿದವರ ಹುಡುಗ ರಸೀದಿ ಪುಸ್ತಕ ಹಿಡಿದು ಬರುತ್ತಾನೆ. ಗಂಟಿಗಿಷ್ಟು, ಚೀಲಕ್ಕಿಷ್ಟು ಸುಂಕ. ಎಲ್ಲರೂ ಕೊಡುತ್ತಾರೆ. ಆದರೆ ಆ ಹೆಂಗಸರಿಗೆ ಒಂದು ಶೌಚಾಲಯ ಇಲ್ಲ. ಒಂದು ಕಟ್ಟಡ ಇದೆ, ಬೀಗ ಹಾಕಿದೆ. ಎಷ್ಟೋ ಜನ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಯಾಕೆ ಅಂತ ಕೇಳಿದರೆ ತಲೆ ತಗ್ಗಿಸುತ್ತಾರೆ.

ಆ ಊರಲ್ಲಿ ಆರಿಸಿ ಬಂದ ವಾರ್ಡ್ ಸದಸ್ಯರೊಬ್ಬರನ್ನು ಈ ಬಗ್ಗೆ ಕೇಳಿದೆ. ಕೆಟ್ಟ ಮನುಷ್ಯರಲ್ಲ ಅವರು. "ಸಾರ್, ನಮ್ಮ ವಾರ್ಡಲ್ಲಿ ಚರಂಡಿಗೇ ದುಡ್ಡು ಸಾಲ್ತಿಲ್ಲ. ಸಂತೆಗೆ ಬರೋರು ನಮ್ಮೂರವರಲ್ಲ, ನಾನು ಯಾರಿಗೆ ಉತ್ತರ ಹೇಳಲಿ?" ಅಂದರು. ಸಂತೆಯಿಂದ ಊರಿಗೆ ವರಮಾನ ಬರುತ್ತದೆ. ಆ ವರಮಾನ ಕೊಡುವವರಿಗೆ ಆ ಊರಲ್ಲಿ ಓಟಿಲ್ಲ. ಅವರು ಓಟು ಹಾಕಿದ ಗ್ರಾಮ ಪಂಚಾಯಿತಿಗೆ ಸಂತೆ ಜಾಗದ ಮೇಲೆ ಅಧಿಕಾರ ಇಲ್ಲ. ಹೀಗಿದ್ದಾಗ ಆ ಬೀಗ ತೆಗೆಸುವವರು ಯಾರು?

ಕಸದ್ದೂ ಅದೇ ಪಾಡು. ಊರ ಗಡಿ ದಾಟಿದ ಕೂಡಲೇ ರಸ್ತೆ ಪಕ್ಕ ರಾಶಿ ರಾಶಿ ಬಿದ್ದಿರುತ್ತದೆ. ಕೋಳಿ ಅಂಗಡಿಯ ತ್ಯಾಜ್ಯ, ಕಲ್ಯಾಣ ಮಂಟಪದ ಎಲೆ, ಪ್ಲಾಸ್ಟಿಕ್ಕು. ಪಟ್ಟಣದವರು "ಅದು ಪಂಚಾಯಿತಿ ಜಾಗ" ಅನ್ನುತ್ತಾರೆ, ಪಂಚಾಯಿತಿಯವರು "ಹಾಕಿದವರು ಪಟ್ಟಣದವರು" ಅನ್ನುತ್ತಾರೆ. ಎರಡೂ ನಿಜ. ಗಾಡಿ ಮಾತ್ರ ಬರುವುದಿಲ್ಲ. ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಡ್ರೈವಿಂಗ್ ಕಲಿತು ಕಸದ ಆಟೋ ಓಡಿಸುತ್ತಿದ್ದಾರೆ. ನೋಡಿದರೆ ಖುಷಿಯಾಗುತ್ತದೆ. ಅವರ ಆಟೋ ಕೂಡ ಆ ಗೆರೆಯ ಹತ್ತಿರ ಬಂದು ತಿರುಗಿ ಹೋಗುತ್ತದೆ.

ಈ ಗೆರೆ ಯಾವಾಗಲೂ ಹೀಗಿರಲಿಲ್ಲ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆಗಿದ್ದಾಗ ಗ್ರಾಮೀಣಾಭಿವೃದ್ಧಿ ಖಾತೆ ಅಬ್ದುಲ್ ನಜೀರ್ ಸಾಬ್ ಅವರ ಕೈಲಿತ್ತು. ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂತಲೇ ಕರೆದರು. ಅವರ ಕಾಲದಲ್ಲಿ ಬಂದ 1983ರ ಕಾಯ್ದೆ ಮಂಡಲ ಪಂಚಾಯಿತಿಗಳನ್ನು ತಂದಿತು. 1987ರಲ್ಲಿ ಚುನಾವಣೆ ನಡೆಯಿತು. ಒಂದು ಮಂಡಲಕ್ಕೆ ಸಾಮಾನ್ಯವಾಗಿ 8,000ದಿಂದ 12,000 ಜನ, ಮಲೆನಾಡಿನಲ್ಲಿ ಇನ್ನೂ ಕಡಿಮೆ. ದೇಶಕ್ಕೆಲ್ಲಾ ಮಹಿಳಾ ಮೀಸಲಾತಿ ಬರುವ ಮೊದಲೇ ಇಲ್ಲಿ ಶೇ 25ರಷ್ಟು ಸ್ಥಾನ ಹೆಂಗಸರಿಗೆ ಇತ್ತು. ನನಗೆ ಮುಖ್ಯ ಅನ್ನಿಸುವುದು ಅದರ ಅಳತೆ. ಒಂದು ದೊಡ್ಡ ಊರು, ಅದರ ಸುತ್ತಲಿನ ಹಳ್ಳಿಗಳು ಒಂದೇ ಮಂಡಲದಲ್ಲಿ ಇರಬಹುದಿತ್ತು. ಸಂತೆಗೆ ಬರುವವರ ಪ್ರತಿನಿಧಿಯೂ ಸಂತೆ ಇರುವ ಊರಿನ ಪ್ರತಿನಿಧಿಯೂ ಒಂದೇ ಸಭೆಯಲ್ಲಿ ಕೂರಲು ದಾರಿ ಇತ್ತು.

ಸಂವಿಧಾನದ 73ನೇ ತಿದ್ದುಪಡಿ ಬಂದ ಮೇಲೆ 1993ರ ಪಂಚಾಯತ್ ರಾಜ್ ಕಾಯ್ದೆ ಬಂತು, ಮಂಡಲ ಹೋಯಿತು. ಗ್ರಾಮ ಪಂಚಾಯಿತಿಗೆ 5,000ದಿಂದ 7,000 ಜನ, ಮಲೆನಾಡು ಕಡೆ 2,500 ಇದ್ದರೂ ಸಾಕು ಅಂತಾಯಿತು. ಇದರಿಂದ ಒಳ್ಳೆಯದೂ ಆಗಿದೆ. ಮಂಡಲದಲ್ಲಿ ದೊಡ್ಡ ಊರಿನ ದೊಡ್ಡ ಮನೆಯವರದೇ ದರ್ಬಾರು, ದೂರದ ಹಟ್ಟಿ-ತಾಂಡಾದವರ ಮಾತು ಕೇಳುವವರಿರಲಿಲ್ಲ ಅಂತ ಹಿರಿಯರು ಹೇಳುತ್ತಾರೆ. ಪಂಚಾಯಿತಿ ಆಫೀಸು ನಡೆದು ಹೋಗುವಷ್ಟು ಹತ್ತಿರ ಬಂದದ್ದು ದೊಡ್ಡ ಲಾಭ. ಅದನ್ನು ಯಾರೂ ಕಿತ್ತುಕೊಳ್ಳಬಾರದು. ಆದರೆ ಪಂಚಾಯಿತಿ ಚಿಕ್ಕದಾದಾಗ, ಎಲ್ಲರಿಗೂ ಸೇರಿದ ಪೇಟೆ ಊರಿನ ಜವಾಬ್ದಾರಿಯನ್ನು ಬೇರೆ ಯಾರ ಕೈಗೂ ಕೊಡಲಿಲ್ಲ.

ಅದೇ ಹೊತ್ತಿಗೆ 74ನೇ ತಿದ್ದುಪಡಿ ಪಟ್ಟಣಗಳಿಗೆ ಬೇರೆ ದಾರಿ ಮಾಡಿತು. ನಮ್ಮಲ್ಲಿ ಜನಸಂಖ್ಯೆ 10,000 ದಾಟಿ, ಅರ್ಧಕ್ಕಿಂತ ಜಾಸ್ತಿ ಜನ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿದ್ದರೆ ಆ ಊರು ಪಟ್ಟಣ ಪಂಚಾಯಿತಿ ಆಗಬಹುದು. 20,000 ದಾಟಿದರೆ ಪುರಸಭೆ. ಮೇಲ್ದರ್ಜೆಗೆ ಏರಿತು ಅಂತ ಆದೇಶ ಬಂದ ದಿನ ಊರಲ್ಲಿ ಪಟಾಕಿ ಹೊಡೆಯುತ್ತಾರೆ, ಫ್ಲೆಕ್ಸ್ ಕಟ್ಟುತ್ತಾರೆ. ಸೈಟಿನ ರೇಟು ಅವತ್ತೇ ಏರುತ್ತದೆ. ನಗರಾಭಿವೃದ್ಧಿ ಇಲಾಖೆ ಅನುದಾನ ಬರುತ್ತದೆ, ಬೀದಿ ದೀಪ, ಕಾಂಕ್ರೀಟ್ ರಸ್ತೆ ಬರುತ್ತವೆ. ಈ ಆಸೆ ತಪ್ಪಲ್ಲ. ನಮ್ಮೂರೂ ಮುಂದೆ ಬರಲಿ ಅಂತ ಯಾರಿಗೆ ಆಸೆ ಇರೋದಿಲ್ಲ?

ಕಳೆದುಕೊಂಡದ್ದು ಗೊತ್ತಾಗಲು ಸ್ವಲ್ಪ ದಿನ ಬೇಕು. ಉದ್ಯೋಗ ಖಾತ್ರಿ ಹಳ್ಳಿಗೆ ಮಾತ್ರ, ಹಾಗಾಗಿ ಊರ ಅಂಚಿನ ಕೂಲಿ ಕುಟುಂಬಗಳ ಕೆಲಸ ಹೋಗುತ್ತದೆ. ಆದೇಶದಲ್ಲಿ ಅವರು ಪಟ್ಟಣದವರು, ಬೆಳಿಗ್ಗೆ ಎದ್ದರೆ ಹೊಲದ ಕೂಲಿಯವರು. ಮನೆ ಕಂದಾಯ ಏರುತ್ತದೆ. ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಗಳಾದ ಇ-ಸ್ವತ್ತಿನ ಫಾರಂ 9, 11 ಇಟ್ಟುಕೊಂಡವರು ಹೊಸ ಖಾತೆಗೆ ಮತ್ತೆ ಅಲೆಯಬೇಕು. ಹಳ್ಳಿಗಳಿಗೆ ನಲ್ಲಿ ಹಾಕಿಸುವ ಯೋಜನೆ ಒಂದು ಇಲಾಖೆಯದು, ಪಟ್ಟಣದ ನೀರು ಇನ್ನೊಂದರದು.

ಇದೆಲ್ಲಕ್ಕಿಂತ ದೊಡ್ಡ ನಷ್ಟ ಗ್ರಾಮಸಭೆ.

ಗ್ರಾಮಸಭೆ ಅಂದರೆ ಕೆಲವರು ಮೂಗು ಮುರಿಯುತ್ತಾರೆ. ಜನ ಬರಲ್ಲ, ಬರೀ ಜಗಳ, ಪುಸ್ತಕದಲ್ಲಿ ಸಹಿ ಮಾಡಿಸಿಕೊಂಡು ಮುಗಿಸ್ತಾರೆ ಅಂತ. ಎಷ್ಟೋ ಕಡೆ ಇದು ನಿಜ. ಆದರೆ ಸರಿಯಾಗಿ ನಡೆದ ಒಂದು ಗ್ರಾಮಸಭೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಾಲೆಯ ಮುಂದೆ ಶಾಮಿಯಾನ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಸರ್ಕಾರಿ ಮನೆ ಫಲಾನುಭವಿಗಳ ಪಟ್ಟಿ ಓದುತ್ತಿದ್ದರು. ಒಂದು ಹೆಸರು ಓದಿದ ತಕ್ಷಣ ಹಿಂದೆ ಕೂತಿದ್ದ ಒಬ್ಬ ಅಜ್ಜಿ ಎದ್ದು ನಿಂತರು. "ಅವನಿಗೆ ಆಗ್ಲೇ ಎರಡು ಮನೆ ಐತಲ್ಲಪ್ಪಾ. ಆ ಕೊನೇ ಮನೆಯವಳು ಗಂಡ ಸತ್ತಾಗಿಂದ ಸೋಗೆ ಗುಡಿಸಲಲ್ಲಿ ಅವಳೆ, ಅವಳ ಹೆಸರು ಎಲ್ಲಿ?" ಅಂದರು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಗಲಾಟೆಯೋ ಗಲಾಟೆ. ಕೊನೆಗೆ ಹೆಸರು ಬದಲಾಯಿತು, ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಆ ಅಜ್ಜಿಗೆ ಓದು ಬರಹ ಇರಲಿಲ್ಲ. ಊರಲ್ಲಿ ಯಾರ ಮನೆ ಹೇಗಿದೆ ಅಂತ ಅವರಿಗೆ ಗೊತ್ತಿತ್ತು, ಹೇಳಲು ಒಂದು ಜಾಗ ಇತ್ತು.

ಆ ಊರು ನಾಳೆ ಪಟ್ಟಣ ಪಂಚಾಯಿತಿ ಆಯಿತು ಅಂದುಕೊಳ್ಳಿ. ನಗರ ಪ್ರದೇಶದಲ್ಲಿ ಮನೆ ಫಲಾನುಭವಿಗಳನ್ನು ಆರಿಸುವುದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. ಅಜ್ಜಿ ಎದ್ದು ನಿಲ್ಲುವುದು ಎಲ್ಲಿ?

ಸಂವಿಧಾನದಲ್ಲಿ ಹಳ್ಳಿಗೆ ಗ್ರಾಮಸಭೆ ಇದೆ. ನಮ್ಮ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು. 3 ಲಕ್ಷಕ್ಕೂ ಮೇಲ್ಪಟ್ಟ ಜನರಿರುವ ನಗರಕ್ಕೆ ವಾರ್ಡ್ ಸಮಿತಿ ಕಡ್ಡಾಯ ಅಂತಲೂ ಸಂವಿಧಾನ ಹೇಳುತ್ತದೆ. ನಡುವೆ ಇರುವ ಹದಿನೈದು ಸಾವಿರ ಜನರ ಊರಿಗೆ ಸಂವಿಧಾನ ಎರಡನ್ನೂ ಕಡ್ಡಾಯ ಮಾಡಿಲ್ಲ. ಇಷ್ಟು ಜನ ಇರುವ ಊರಲ್ಲೇ ಸಭೆ ನಡೆಸುವುದು ಸುಲಭ. ಎಲ್ಲರಿಗೂ ಎಲ್ಲರ ಮುಖ ಪರಿಚಯ. ಬೆಂಗಳೂರಿನ ವಾರ್ಡ್ ಸಮಿತಿ ಬಗ್ಗೆ ಪೇಪರಿನಲ್ಲಿ ಆಗಾಗ ಬರುತ್ತದೆ, ಬರಲಿ. ನಮ್ಮ ಸಣ್ಣ ಊರುಗಳ ಬಗ್ಗೆ ಒಂದು ಸಾಲೂ ಕಾಣುವುದಿಲ್ಲ.

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಟೌನ್ ಮೀಟಿಂಗ್ ದಿನ. ಸಣ್ಣ ಸಣ್ಣ ಊರುಗಳ ಮತದಾರರೇ ಊರಿನ ಬಜೆಟ್ಟನ್ನು ತೀರ್ಮಾನಿಸುತ್ತಾರೆ, ಅನೇಕ ಊರುಗಳಲ್ಲಿ ಒಂದೇ ಸೂರಿನಡಿ ಕೂತು ರಸ್ತೆಗೆ ಎಷ್ಟು, ಬೇರೆ ಕೆಲಸಕ್ಕೆ ಎಷ್ಟು ಅಂತ ವಾದ ಮಾಡಿ ಕೈ ಎತ್ತುತ್ತಾರೆ. ನಮ್ಮಲ್ಲಿ ಪಟ್ಟಣ ಪಂಚಾಯಿತಿ ಬಜೆಟ್ ಮಂಡನೆ ಆದದ್ದು ಊರಿನ ಬಹುಪಾಲು ಜನಕ್ಕೆ ಗೊತ್ತೇ ಆಗುವುದಿಲ್ಲ.

ಹೋಗಲಿ, ಆರಿಸಿ ಬಂದ ಸದಸ್ಯರಾದರೂ ಕೆಲಸ ಮಾಡಲು ಬಿಡುತ್ತೇವಾ? 2018ರ ಆಗಸ್ಟ್ ಕೊನೆಗೆ ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷ-ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟು ಮೆಟ್ಟಿಲೇರಿತು. ಬಹಳ ಕಡೆ ಅಧ್ಯಕ್ಷರು ಕುರ್ಚಿಯಲ್ಲಿ ಕೂತದ್ದು 2020ರ ಕೊನೆ ಹೊತ್ತಿಗೆ. ಅಲ್ಲಿವರೆಗೆ ಆಡಳಿತಾಧಿಕಾರಿಯದೇ ಆಡಳಿತ. ಗೆದ್ದವರು ವಾರ್ಡಿನ ಜನಕ್ಕೆ ಮುಖ ತೋರಿಸಲಾಗದೆ ಓಡಾಡಿದರು. ಮಹಾನಗರದಲ್ಲಿ ಹೀಗಾದರೆ ಟಿವಿಯಲ್ಲಿ ಚರ್ಚೆ ಆಗುತ್ತದೆ. ಸಣ್ಣ ಊರಲ್ಲಿ ಟೀ ಅಂಗಡಿಯಲ್ಲಿ ಬೈದುಕೊಂಡು ಸುಮ್ನಾಗುತ್ತಾರೆ.

ದುಡ್ಡಿನ ವಿಷಯಕ್ಕೆ ಬಂದರೆ, ಊರಿನ ಸ್ವಂತ ವರಮಾನ ಅಂದರೆ ಮನೆ ಕಂದಾಯ, ನೀರಿನ ಶುಲ್ಕ, ಮಳಿಗೆ ಬಾಡಿಗೆ, ಸಂತೆ ಹರಾಜು. ಮೇಲಿಂದ ಬರುವುದು ಹೆಚ್ಚಾಗಿ ಷರತ್ತಿನ ಹಣ. 15ನೇ ಹಣಕಾಸು ಆಯೋಗ ಹಳ್ಳಿ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲೂ 2021ರಿಂದ ಶೇ 60ರಷ್ಟು ನೀರು, ನೈರ್ಮಲ್ಯಕ್ಕೆ ಅಂತಲೇ ಕಟ್ಟಿಹಾಕಿತ್ತು. ನೀರು, ನೈರ್ಮಲ್ಯ ಬೇಕೇ ಬೇಕು, ತಕರಾರಿಲ್ಲ. ಆದರೆ ತಮ್ಮ ಊರಿಗೆ ಮೊದಲು ಏನು ಬೇಕು ಅಂತ ಹೇಳುವ ಹಕ್ಕು ಅಲ್ಲಿನವರಿಗೆ ಇನ್ನಷ್ಟು ಇರಬೇಕು.

ಪಕ್ಕದ ಕೇರಳ ಇದನ್ನು ಬೇರೆ ರೀತಿ ಮಾಡಿತು. ಅಲ್ಲಿ 941 ಗ್ರಾಮ ಪಂಚಾಯಿತಿಗಳು. ಒಂದೊಂದರಲ್ಲಿ ಸರಾಸರಿ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜನ, ಅಂದರೆ ನಮ್ಮ ಹಳೇ ಮಂಡಲಕ್ಕಿಂತ ದೊಡ್ಡದು. 1996ರ ಜನತಾ ಯೋಜನೆಯಲ್ಲಿ ರಾಜ್ಯದ ಯೋಜನಾ ಹಣದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಲು ತೀರ್ಮಾನಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರ, ಕೃಷಿ ಭವನ, ಪಶು ಆಸ್ಪತ್ರೆ ಪಂಚಾಯಿತಿ ಕೈಗೆ ಬಂದವು. ಅಲ್ಲಿ ಊರುಗಳು ಒಂದಕ್ಕೊಂದು ಅಂಟಿಕೊಂಡಿವೆ, ನಮ್ಮದು ಬಯಲು ಸೀಮೆ, ಹಾಗೇ ನಕಲು ಮಾಡಲು ಆಗಲ್ಲ. ಆದರೆ ಡಾಕ್ಟರು, ಕೃಷಿ ಅಧಿಕಾರಿ ಆ ಊರಿನ ಚುನಾಯಿತ ಸಭೆಗೆ ಉತ್ತರ ಹೇಳುವುದನ್ನು ನಾವೂ ಕಲಿಯಬಹುದು, ಅಲ್ವಾ?

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಮತ್ತೊಂದು ಹಂತದ ಪಂಚಾಯಿತಿ ಬೇಡ, ಅದಕ್ಕೆ ಹೊಸ ಕಟ್ಟಡ, ಹೊಸ ಕಾರು ಬೇಡ. ಹೋಬಳಿಗೆ ಒಂದು ಜಂಟಿ ಸಭೆ ಸಾಕು. ಹೋಬಳಿಯ ಎಲ್ಲಾ ಗ್ರಾಮ ಪಂಚಾಯಿತಿ ಅಧ್ಯಕ್ಷರು, ಪಟ್ಟಣ ಪಂಚಾಯಿತಿ ಇದ್ದರೆ ಅದರ ಅಧ್ಯಕ್ಷರು ಮತ್ತು ಒಂದಿಬ್ಬರು ಸದಸ್ಯರು, ಎರಡು ತಿಂಗಳಿಗೊಮ್ಮೆ ಒಟ್ಟಿಗೆ ಕೂರಲಿ. ಎಲ್ಲರೂ ಆಗಲೇ ಜನರಿಂದ ಆರಿಸಿ ಬಂದವರೇ. ನಾಡಕಚೇರಿ, ರೈತ ಸಂಪರ್ಕ ಕೇಂದ್ರ, ಆಸ್ಪತ್ರೆ, ವಿದ್ಯುತ್ ಕಂಪನಿಯವರು ಆ ದಿನ ಬಂದು ಉತ್ತರ ಹೇಳಲೇಬೇಕು ಅಂತ ನಿಯಮ ಇರಲಿ. ಪಟ್ಟಣ ಮತ್ತು ಹಳ್ಳಿಗಳ ಯೋಜನೆಗಳನ್ನು ಒಟ್ಟು ಮಾಡಲು ಸಂವಿಧಾನದಲ್ಲೇ ಜಿಲ್ಲಾ ಯೋಜನಾ ಸಮಿತಿ ಇದೆ. ಅದು ಜಿಲ್ಲಾ ಕೇಂದ್ರದಲ್ಲಿ ಕೂತು ಮಾಡುವ ಕೆಲಸವನ್ನು ಇಲ್ಲಿ, ಎಲ್ಲರ ಕಣ್ಣೆದುರು ಮಾಡಬೇಕು.

ಇದರ ಜೊತೆ ಪಟ್ಟಣ ಪಂಚಾಯಿತಿಯ ಪ್ರತಿ ವಾರ್ಡಿಗೂ ವರ್ಷಕ್ಕೆ ಎರಡು ಸಲ ಸಭೆ ಕಡ್ಡಾಯ ಆಗಬೇಕು. ಮನೆ ಹಂಚುವ ಪಟ್ಟಿ ಅಲ್ಲಿ ಗಟ್ಟಿಯಾಗಿ ಓದಬೇಕು.

ಜಂಟಿ ಸಭೆ ಶುರುವಾದರೆ ಮೊದಲ ದಿನಕ್ಕೇ ಕೆಲಸ ಇದೆ. ಸಂತೆ ಹರಾಜಿನ ದುಡ್ಡಲ್ಲಿ ಒಂದು ಪಾಲನ್ನು ಸಂತೆಗೇ ತೆಗೆದಿಡುವ ತೀರ್ಮಾನ. ಗಡಿಯ ಕಸ ಎತ್ತಲು ಎರಡೂ ಕಡೆಯವರ ಗಾಡಿ ಯಾವ್ಯಾವ ದಿನ ಬರಬೇಕು ಅಂತ ಒಂದು ಪಟ್ಟಿ. ಸಂತೆ ದಿನ ನಸುಕಿನಿಂದ ರಾತ್ರಿವರೆಗೆ ಶೌಚಾಲಯ ತೆರೆದಿಡಲು ಒಬ್ಬರಿಗೆ ಸಂಬಳ. ಇಷ್ಟಕ್ಕೆ ಬೆಂಗಳೂರಿನ ಒಪ್ಪಿಗೆ ಯಾಕೆ ಬೇಕು?