ಸ್ಪಷ್ಟನೆ: ದಿನಕ್ಕೊಂದು ಹಾಳೆ, ಆದರೆ ವರ್ಷಕ್ಕೆ ಮುಗಿಯುವುದಿಲ್ಲ

'ಯಹೂದಿಗಳು ದಿನಕ್ಕೊಂದು ಹಾಳೆ ಓದಿ ಇಡೀ ತಾಲ್ಮುದನ್ನು ಪ್ರತಿವರ್ಷ ಮುಗಿಸುತ್ತಾರೆ' ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಅದನ್ನು ಬರೆದವನು ನಾನೇ. ಅದು ತಪ್ಪು, ಎರಡು ಓದುಗಳನ್ನು ಕಲಸಿಬಿಟ್ಟಿದ್ದೆ. ತಾಲ್ಮುದ್ ಎಂದರೆ ಯಹೂದಿ ಧರ್ಮನಿಯಮಗಳ ಮೇಲೆ ಹಳೆಯ ಪಂಡಿತರು ನಡೆಸಿದ ಚರ್ಚೆಗಳ ದೊಡ್ಡ ಸಂಗ್ರಹ.

ವರ್ಷಕ್ಕೊಮ್ಮೆ ಮುಗಿಯುವುದು ತೋರಾ, ಅಂದರೆ ಮೋಶೆಯ ಐದು ಗ್ರಂಥಗಳು. ಅದನ್ನು 54 ಭಾಗ ಮಾಡಿ ವಾರವಾರ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಓದುತ್ತಾರೆ. ಸಿಮ್ಖತ್ ತೋರಾ ಹಬ್ಬದ ದಿನ ಕೊನೆಯ ಸಾಲು ಮುಗಿದದ್ದೇ ತಡ, ಅಲ್ಲೇ 'ಆದಿಯಲ್ಲಿ' ಎಂಬ ಮೊದಲ ಪದದಿಂದ ಮತ್ತೆ ಶುರು.

ತಾಲ್ಮುದ್ ಬೇರೆ. ದಿನಕ್ಕೊಂದು ಹಾಳೆ ಎಂಬುದು ನಿಜವೇ. ಹಾಳೆ ಎಂದರೆ ಎರಡೂ ಮಗ್ಗುಲು. ಆದರೆ ಬ್ಯಾಬಿಲೋನಿನ ತಾಲ್ಮುದಿನ ಈ ಓದಿನಲ್ಲಿರುವುದು 2,711 ಹಾಳೆ. ಕೂಡಿಸಿ ನೋಡಿದ್ದರೆ ನನಗೇ ಗೊತ್ತಾಗುತ್ತಿತ್ತು, ಸುಮಾರು ಏಳೂವರೆ ವರ್ಷ ಬೇಕು. 'ದಾಫ್ ಯೋಮಿ' (ದಿನದ ಹಾಳೆ) ಎಂಬ ಈ ಕ್ರಮವನ್ನು 1923ರಲ್ಲಿ ವಿಯೆನ್ನಾದ ಸಮಾವೇಶದಲ್ಲಿ ಸೂಚಿಸಿದವರು ರಬ್ಬಿ (ಯಹೂದಿ ಧರ್ಮಗುರು) ಮೇಯರ್ ಶಪೀರೊ. ಈಗಿನ 14ನೇ ಸುತ್ತು 2020ರ ಜನವರಿ 5ರಂದು ಶುರುವಾಯಿತು, ಮುಗಿಯುವುದು 2027ರ ಜೂನ್‌ನಲ್ಲಿ.

ತಾಲ್ಮುದಿನೊಳಗಿನ ಒಂದೊಂದು ಗ್ರಂಥ ಮುಗಿದಾಗಲೂ ಓದಿದವರು 'ಹದ್ರಾನ್' ಎಂಬ ಬೀಳ್ಕೊಡುವ ಮಾತು ಹೇಳುತ್ತಾರೆ: ನಿನ್ನ ಬಳಿಗೆ ಮರಳಿ ಬರುತ್ತೇವೆ, ನಿನ್ನನ್ನು ಮರೆಯುವುದಿಲ್ಲ, ನೀನೂ ನಮ್ಮನ್ನು ಮರೆಯಬೇಡ. ಹೇಳುವುದು ಪುಸ್ತಕಕ್ಕೆ! ನನಗೆ ತುಂಬ ಹಿಡಿಸಿದ ಸಂಗತಿ ಇದು, ಹಳೆಯ ಸಂದೇಶದಲ್ಲಿ ಇದನ್ನೇ ಬಿಟ್ಟಿದ್ದೆ.

ಹಳೆಯದನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಕಳಿಸಿಯಾಗಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.